ನಿಮ್ಮ ಹಳೆಯ ಡಯಲ್ ಫೋನ್ ಯಾವ ಕಾಲದ್ದು? ಬಣ್ಣ, ಠಸ್ಸೆ, ಅಚ್ಚಿನ ಗುರುತು: ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಟದಿಂದ ಇಳಿಸಿದ ಫೋನು, ಗುಜರಿ ಅಂಗಡಿಯಲ್ಲಿ ಸಿಕ್ಕ ಫೋನು, ಅಮೆರಿಕದಿಂದ ಮಗಳು ಸೂಟ್‌ಕೇಸಿನಲ್ಲಿ ಹೊತ್ತು ತಂದ ಫೋನು. ಎಲ್ಲಿಂದಲೇ ಬಂದಿರಲಿ, ಮೊದಲ ಪ್ರಶ್ನೆ ಒಂದೇ: "ಇದು ಎಷ್ಟು ಹಳೆಯದು?" ನನ್ನ ಮುಂದೆ ಬರುವ ಫೋನುಗಳಲ್ಲಿ ಮೂರು ಕುಲದವೇ ಹೆಚ್ಚು. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್, ಬ್ರಿಟನ್ನಿನ ಅಂಚೆ ಇಲಾಖೆಯಾದ ಜಿಪಿಒ, ನಮ್ಮ ಬೆಂಗಳೂರಿನ ಫೋನು ಕಾರ್ಖಾನೆ ಐಟಿಐ. ಉತ್ತರಗಳೂ ಈ ಮೂರರ ಸುತ್ತಲೇ ಇವೆ.

ಒಂದು ಫೋನಿಗೆ ಒಂದೇ ತಾರೀಖು ಇರುವುದಿಲ್ಲವೇ?

ಬಹುಪಾಲು ಇರುವುದಿಲ್ಲ. ಇದನ್ನು ಒಪ್ಪಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಅಮೆರಿಕದಲ್ಲಿ ಬೆಲ್ ಸಿಸ್ಟಮ್‌ನ (ಅಲ್ಲಿನ ದೊಡ್ಡ ಫೋನು ಕಂಪನಿಗಳ ಬಳಗ, ವೆಸ್ಟರ್ನ್ ಎಲೆಕ್ಟ್ರಿಕ್ ಅದರದೇ ತಯಾರಿಕಾ ಕಂಪನಿ) ಕಾಲದಲ್ಲಿ ಫೋನು ಮನೆಯವರ ಸ್ವತ್ತಾಗಿರಲಿಲ್ಲ, ಕಂಪನಿಯದು. ತಿಂಗಳ ಬಾಡಿಗೆಗೆ ಮನೆಯಲ್ಲಿ ಕೂತಿರುತ್ತಿತ್ತು. ಕೆಟ್ಟರೆ, ಅಥವಾ ಮನೆಯವರು ಊರು ಬಿಟ್ಟರೆ, ಅದು ಕಂಪನಿಯ ದುರಸ್ತಿ ಕೇಂದ್ರಕ್ಕೆ ವಾಪಸ್. ಅಲ್ಲಿ ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ, ಇನ್ನೊಂದು ಮನೆಗೆ ಕಳಿಸುತ್ತಿದ್ದರು. ಬ್ರಿಟನ್ನಿನಲ್ಲಿ ಅಂಚೆ ಇಲಾಖೆ, ನಮ್ಮಲ್ಲಿ ಅಂಚೆ ಮತ್ತು ತಂತಿ ಇಲಾಖೆ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಹಾಗಾಗಿ ಡಯಲ್ 1951ರದು, ರಿಸೀವರ್ 1957ರದು, ಮೇಲ್ಕವಚ 1962ರದು ಆಗಿರುವ ಫೋನು ಸಿಕ್ಕರೆ ಯಾರೋ ಮೋಸ ಮಾಡಿದ್ದಾರೆ ಎಂದುಕೊಳ್ಳಬೇಡಿ. ಅದು ಆ ಫೋನು ಬದುಕಿದ ಬಗೆ.

ನಾನು ಪ್ರತಿ ಫೋನಿಗೂ ಮೂರು ತಾರೀಖು ಬರೆಯುತ್ತೇನೆ: ಈ ಮಾದರಿ ಯಾವಾಗಿನಿಂದ ಯಾವಾಗಿನವರೆಗೆ ಬಂತು, ಈ ಪ್ರತಿ ಯಾವಾಗ ಜೋಡಣೆಯಾಯಿತು, ಕೊನೆಯ ಬಾರಿ ಯಾವಾಗ ದುರಸ್ತಿಯಾಯಿತು. ಬಣ್ಣ ಮತ್ತು ಆಕಾರ ಮೊದಲನೆಯದನ್ನು ಹೇಳುತ್ತವೆ. ಉಳಿದೆರಡಕ್ಕೆ ಒಳಗಿನ ಗುರುತುಗಳನ್ನೇ ಕೇಳಬೇಕು.

ಮೊದಲು ಎಲ್ಲಿ ನೋಡಬೇಕು?

ತಂತಿ ಗೋಡೆಯಿಂದ ಕಿತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಗಂಟೆ ಬಾರಿಸುವಾಗ ಸಾಲಿನಲ್ಲಿ ಬರುವ ವಿದ್ಯುತ್ತು ಬೆರಳಿಗೆ ಚೆನ್ನಾಗಿಯೇ ಹೊಡೆಯುತ್ತದೆ. ಆಮೇಲೆ ಫೋನನ್ನು ಮೆತ್ತನೆಯ ಬಟ್ಟೆಯ ಮೇಲೆ ಬೋರಲು ಹಾಕಿ ತಳ ನೋಡಿ. ವೆಸ್ಟರ್ನ್ ಎಲೆಕ್ಟ್ರಿಕ್ ಫೋನಾದರೆ ತಳದ ತಗಡಿನ ಮೇಲೆ ಮಾದರಿ ಸಂಖ್ಯೆಯೂ ಅದರ ಹತ್ತಿರ ತಿಂಗಳು-ವರ್ಷವೂ ಮಸಿ ಠಸ್ಸೆಯಲ್ಲಿ ಇರುತ್ತವೆ. 11-57 ಎಂದಿದ್ದರೆ 1957ರ ನವೆಂಬರ್. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಇಲ್ಲಿ ತಿಂಗಳಿನ ದಿನವೇ ಇಲ್ಲದ್ದರಿಂದ ನಮಗೆ ಗೊಂದಲವಾಗುವುದಿಲ್ಲ.

ನಂತರ ರಿಸೀವರ್. ಕಿವಿಗೆ ಇಡುವ ಮುಚ್ಚಳವನ್ನೂ ಬಾಯಿಯ ಬಳಿಯ ಮುಚ್ಚಳವನ್ನೂ ಕೈಯಲ್ಲೇ ಎಡಕ್ಕೆ ತಿರುಗಿಸಿ ಬಿಚ್ಚಬಹುದು. ಬಿಗಿಯಾಗಿದ್ದರೆ ಇಕ್ಕಳ ಹಾಕಬೇಡಿ. ರಬ್ಬರ್ ಕೈಗವಸು ಹಾಕಿ ಪ್ರಯತ್ನಿಸಿ. ಒಳಗಿನ ಎರಡು ಬಿಲ್ಲೆಗಳ ಹಿಂದೆ ತಾರೀಖು ಇರುತ್ತದೆ. ರಿಸೀವರಿನ ಹಿಡಿಯ ಒಳಗೋಡೆಯಲ್ಲೂ ಗುರುತು ಇರುವುದುಂಟು, ಬ್ಯಾಟರಿ ಹಿಡಿದು ನೋಡಿ.

ಕೊನೆಗೆ ಮೇಲ್ಕವಚ. ವೆಸ್ಟರ್ನ್ ಎಲೆಕ್ಟ್ರಿಕ್‌ನ 500 ಮಾದರಿಯಲ್ಲಿ ತಳದ ಎರಡು ತಿರುಪುಗಳನ್ನು ಸಡಿಲಿಸಿದರೆ ಕವಚ ಮೇಲೆದ್ದು ಬರುತ್ತದೆ. ಈಗ ಡಯಲಿನ ಹಿಂಭಾಗ, ಗಂಟೆಯ ಸುರುಳಿ, ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಕವಚದ ಒಳಮೈ, ಒಂದೊಂದನ್ನೂ ಓದಿ. ಬಿಚ್ಚುವ ಮೊದಲೇ ಎಲ್ಲದರ ಫೋಟೋ ತೆಗೆಯಿರಿ, ತಂತಿಯ ಬಣ್ಣ ಯಾವ ತಿರುಪಿಗೆ ಹೋಗಿದೆ ಎಂಬುದು ಕಾಣುವ ಹಾಗೆ.

ತಾರೀಖುಗಳು ಒಂದಕ್ಕೊಂದು ಹೊಂದದಿದ್ದರೆ ಯಾವುದನ್ನು ನಂಬಲಿ?

ಎಲ್ಲವನ್ನೂ ನಂಬಿ. ಎಲ್ಲಕ್ಕಿಂತ ಈಚಿನ ತಾರೀಖೇ ಈಗಿನ ರೂಪದ ಫೋನಿನ ತಾರೀಖು. ಅದಕ್ಕಿಂತ ಮೊದಲು ಇದು ಹೀಗೆ ಇದ್ದಿರಲು ಸಾಧ್ಯವಿಲ್ಲ.

ಬಿಡಿಭಾಗಗಳು ತಯಾರಾಗಿ ಸ್ವಲ್ಪ ಕಾಲ ಕಪಾಟಿನಲ್ಲಿ ಕೂತು, ಆಮೇಲೆ ಜೋಡಣೆಗೆ ಬರುತ್ತಿದ್ದವು. ಆದ್ದರಿಂದ ತಳದಲ್ಲಿ 11-57 ಇದ್ದು, ಡಯಲ್ ಮತ್ತು ಬಿಲ್ಲೆಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್ 1957 ಇದ್ದರೆ ಅದು ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದ ಫೋನು ಎನ್ನಬಹುದು. ಅಂತರ ವರ್ಷಗಟ್ಟಲೆ ಇದ್ದರೆ ಭಾಗ ಬದಲಾಗಿದೆ. ತಾರೀಖೆಲ್ಲ ಹೊಂದುವ ಫೋನಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಹಾಗಾಗಿಯೇ ಬೇರೆ ಬೇರೆ ಫೋನುಗಳಿಂದ ಒಂದೇ ತಿಂಗಳ ಭಾಗಗಳನ್ನು ಆರಿಸಿ ಕೂಡಿಸುವವರೂ ಇದ್ದಾರೆ. ಅದು ನನಗೆ ಇಷ್ಟವಿಲ್ಲ. ಒಂದು ಫೋನನ್ನು "ಶುದ್ಧ" ಮಾಡಲು ಮೂರು ಫೋನುಗಳ ಚರಿತ್ರೆಯನ್ನು ಕಲಕಿದಂತಾಗುತ್ತದೆ.

ತಳದಲ್ಲಿ ಒಂದರ ಪಕ್ಕ ಇನ್ನೊಂದು ತಾರೀಖು ಬೇರೆ ಮಸಿಯಲ್ಲಿ ಒತ್ತಿದ್ದರೆ ಎರಡನೆಯದು ದುರಸ್ತಿಯದು.

ಕಪ್ಪು ಫೋನೆಂದರೆ ತುಂಬಾ ಹಳೆಯದು ಎಂದರ್ಥವೇ?

ಇಲ್ಲ. ಜನ ಅತಿ ಹೆಚ್ಚು ತಪ್ಪುವುದು ಇಲ್ಲೇ.

ಕಪ್ಪಿಗೆ ಮೂಲ ಕಾರಣ ಬೇಕಲೈಟ್. ಲಿಯೋ ಬೇಕೆಲ್ಯಾಂಡ್ 1907ರಲ್ಲಿ ಕಂಡುಹಿಡಿದ ಈ ವಸ್ತುವಿನ ಸಹಜ ಬಣ್ಣವೇ ಗಾಢ, ಅದಕ್ಕೆ ಸೇರಿಸುವ ಮರದ ಹಿಟ್ಟೂ ಕಂದು. ತಿಳಿ ಬಣ್ಣ ಅದರಲ್ಲಿ ಮೂಡುವುದಿಲ್ಲ. ಬಹುತೇಕ ಕಪ್ಪು ಅಥವಾ ಕಂದು. ಜೊತೆಗೆ ಕಂಪನಿಗೆ ಕಪ್ಪೇ ಅನುಕೂಲ. ಯಾವ ಫೋನಿನ ಕವಚ ಯಾವ ಫೋನಿಗಾದರೂ ಹೊಂದುತ್ತಿತ್ತು, ದುರಸ್ತಿ ಸುಲಭ. ಆದ್ದರಿಂದ ಬೇಕಲೈಟ್ ಹೋಗಿ ಪ್ಲಾಸ್ಟಿಕ್ ಬಂದ ಮೇಲೂ ಕಪ್ಪು ನಿಲ್ಲಲಿಲ್ಲ. ವೆಸ್ಟರ್ನ್ ಎಲೆಕ್ಟ್ರಿಕ್ 500 ಕಪ್ಪು ಬಣ್ಣದಲ್ಲಿ 1970ರ ದಶಕದಲ್ಲೂ ಬರುತ್ತಿತ್ತು. ನಮ್ಮಲ್ಲಿ ಸರ್ಕಾರಿ ಕಚೇರಿಯ ಮೇಜಿನ ಮೇಲೆ ಕಪ್ಪು ಡಯಲ್ ಫೋನು ಅದಕ್ಕಿಂತ ಈಚೆಗೂ ಇತ್ತು.

ಕಪ್ಪು 500 ಕೈಗೆ ಬಂದರೆ ಡಯಲಿನ ಚಕ್ರ ನೋಡಿ. ಲೋಹದ ಕಪ್ಪು ಚಕ್ರವಿದ್ದರೆ 1960ರ ದಶಕದ ಮಧ್ಯಕ್ಕಿಂತ ಹಿಂದಿನದು ಎಂದು ಊಹಿಸಬಹುದು. ಪಾರದರ್ಶಕ ಪ್ಲಾಸ್ಟಿಕ್ ಚಕ್ರ ಮೊದಲು ಬಣ್ಣದ ಫೋನುಗಳಿಗೆ ಬಂತು, ಕಪ್ಪಿಗೆ ಬಂದದ್ದು ತಡವಾಗಿ.

ಹಾಗಾದರೆ ಬಣ್ಣದಿಂದ ಏನು ತಿಳಿಯುತ್ತದೆ?

"ಇದಕ್ಕಿಂತ ಹಿಂದಿನದಲ್ಲ" ಎಂಬುದು ತಿಳಿಯುತ್ತದೆ. ಕೆಲವು ಬಣ್ಣಗಳಲ್ಲಿ "ಇದಕ್ಕಿಂತ ಈಚಿನದಲ್ಲ" ಎಂಬುದೂ.

ಹೆನ್ರಿ ಡ್ರೇಫಸ್ ವಿನ್ಯಾಸದ 500 ಮಾದರಿ 1949ರಲ್ಲಿ ಪ್ರಯೋಗಕ್ಕೆ ಬಂದು 1950ರಿಂದ ದೊಡ್ಡ ಪ್ರಮಾಣದಲ್ಲಿ ತಯಾರಾಯಿತು. ಆಗ ಕಪ್ಪು ಮಾತ್ರ. ಬಣ್ಣಗಳು ಬಂದದ್ದು 1954ರ ಹೊತ್ತಿಗೆ. ದಂತಬಣ್ಣ, ಹಸಿರು, ಕೆಂಪು, ಹಳದಿ, ಕಂದು, ಬೀಜ್, ಗಾಢ ಬೂದು, ಗಾಢ ನೀಲಿ. ಆದ್ದರಿಂದ "1950ರ ಅಸಲಿ ಕೆಂಪು 500" ಎಂದು ಯಾರಾದರೂ ತೋರಿಸಿದರೆ ನಿಧಾನಿಸಿ. ತಳದ ಮೇಲೆ 1950 ಇರಬಹುದು, ಸುಳ್ಳಲ್ಲ. ಆದರೆ ಕೆಂಪು ಕವಚ ಆಮೇಲೆ ಕೂತದ್ದು.

ಆ ಮೊದಲ ಸಾಲಿನ ಕಂದು, ಗಾಢ ನೀಲಿ, ಗಾಢ ಬೂದು ಕೆಲವೇ ವರ್ಷ ಬಾಳಿದವು. ಜನ ತಿಳಿ ಬಣ್ಣ ಬಯಸಿದರು. ತಿಳಿ ಬೂದು, ತಿಳಿ ಬೀಜ್, ಗುಲಾಬಿ, ಬಿಳಿ, ಟರ್ಕಾಯಿಸ್ ಬಂದು ಅವನ್ನು ತಳ್ಳಿದವು. ಹಾಗಾಗಿ ಅಸಲಿ ಗಾಢ ನೀಲಿ ಕವಚ ಕಂಡರೆ 1950ರ ದಶಕದ ನಡುವಿನದು ಎಂದು ಧೈರ್ಯವಾಗಿ ಹೇಳಬಹುದು. ಗುಲಾಬಿ ಕಂಡರೆ ಅದಕ್ಕಿಂತ ಈಚಿನದು. ಬಿಳಿ, ಬೀಜ್ ಬಹಳ ವರ್ಷ ನಡೆದವು, ಅವುಗಳಿಂದ ಏನೂ ಸಿಗುವುದಿಲ್ಲ.

ತಳದಲ್ಲಿ ಅಥವಾ ಮೂಲ ಡಬ್ಬದ ಮೇಲೆ ಮಾದರಿ ಸಂಖ್ಯೆಯ ಬಾಲದಲ್ಲಿ ಎರಡಂಕಿ ಇದ್ದರೆ ಅದು ಬಣ್ಣದ ಸಂಕೇತ: 50 ದಂತಬಣ್ಣ, 53 ಕೆಂಪು, 56 ಹಳದಿ, 58 ಬಿಳಿ. ತಳ 58 ಎನ್ನುತ್ತಿದ್ದು ಕವಚ ಕೆಂಪಾಗಿದ್ದರೆ ಕವಚ ಬೇರೆ ಫೋನಿನದು. ಇದನ್ನು ವರ್ಷ ಎಂದು ಓದಿ 1958ರ ಫೋನು ಎಂದು ಮಾರುವವರನ್ನು ಕಂಡಿದ್ದೇನೆ, ಎಚ್ಚರ.

ನನ್ನ ಫೋನು ಹಳದಿಯೋ, ಮಾಸಿದ ಬಿಳಿಯೋ?

ಬೆಳಕು ಬೀಳದ ಜಾಗ ನೋಡಿ. ರಿಸೀವರ್ ಕೂರುವ ತೊಟ್ಟಿಲಿನ ಕೆಳಗೆ, ಡಯಲಿನ ಅಂಚಿನ ಹಿಂದೆ, ಕವಚದ ಒಳಮೈಯಲ್ಲಿ ಹುಟ್ಟಿದ ಬಣ್ಣ ಹಾಗೇ ಉಳಿದಿರುತ್ತದೆ. ಕಿಟಕಿಯ ಬಳಿ ಇಪ್ಪತ್ತು ವರ್ಷ ಕೂತ ಬಿಳಿ ಫೋನು ಬೆಣ್ಣೆ ಕಾಯಿಸಿದ ಬಣ್ಣಕ್ಕೆ ತಿರುಗುತ್ತದೆ. ತಿಳಿ ಬೂದು ಹಸಿರಾಗಿ ಕಾಣುತ್ತದೆ. ತಿರುಪಿನ ಗುಣಿಯಲ್ಲೂ ಬಣ್ಣ ಕಟ್ಟಿಕೊಂಡಿದ್ದರೆ ಅದು ಪೇಂಟ್.

ವಸ್ತು ಯಾವುದೆಂದು ಕೈಯಲ್ಲೇ ತಿಳಿಯುವುದು ಹೇಗೆ?

ಮೂಗು, ಕಿವಿ, ತೂಕ. ಈ ಮೂರು ಸಾಕು.

ಬೇಕಲೈಟ್ ಭಾರ, ತಣ್ಣಗೆ. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿದರೆ ಹಳೆಯ ಆಸ್ಪತ್ರೆಯ ಕಾರ್ಬಾಲಿಕ್ ವಾಸನೆ ಬರುತ್ತದೆ. ಒಡೆದ ಅಂಚು ಒರಟಾಗಿ, ಮರಳು ಮರಳಾಗಿ ಇರುತ್ತದೆ.

ವೆಸ್ಟರ್ನ್ ಎಲೆಕ್ಟ್ರಿಕ್‌ನ ಹಿಂದಿನ ಮಾದರಿ 302, 1937ರಲ್ಲಿ ಬಂದದ್ದು. ಮೊದಲ ವರ್ಷಗಳಲ್ಲಿ ಅದರ ಕವಚ ಸತುವಿನ ಮಿಶ್ರಲೋಹದ್ದು. ಎತ್ತಿದರೆ ಕಲ್ಲು ಎತ್ತಿದ ಹಾಗೆ. 1941ರ ಹೊತ್ತಿಗೆ, ಯುದ್ಧಕ್ಕೆ ಲೋಹ ಬೇಕಾಗಿ, ಕವಚ ಟೆನೈಟ್ ಎಂಬ ಮೆತು ಪ್ಲಾಸ್ಟಿಕ್ಕಿಗೆ ಬದಲಾಯಿತು. ಅಂದರೆ ಲೋಹದ 302 ಕಂಡರೆ 1937ರಿಂದ 1940ರ ದಶಕದ ಆರಂಭದವರೆಗೆ ಎಂದು ಬಿಚ್ಚದೆಯೇ ಹೇಳಬಹುದು. ಒಂದು ಅಯಸ್ಕಾಂತ ಇಟ್ಟು ನೋಡುತ್ತೇನೆ ಎನ್ನುವವರಿಗೆ ಒಂದು ಮಾತು: ಸತುವಿಗೆ ಅಯಸ್ಕಾಂತ ಅಂಟುವುದಿಲ್ಲ.

ಮೊದಲ ಬಣ್ಣದ 500ಗಳೂ ಟೆನೈಟೇ. ಇದಕ್ಕೊಂದು ವಾಸನೆ ಇದೆ, ಮುಚ್ಚಿಟ್ಟ ಡಬ್ಬದಿಂದ ತೆಗೆದರೆ ಹುಳಿ ಹಿಡಿದ ಬೆಣ್ಣೆಯ ಹಾಗೆ. ವರ್ಷ ಕಳೆದಂತೆ ಕುಗ್ಗುತ್ತದೆ, ಕವಚದ ಮೂಲೆ ತಳಕ್ಕೆ ಸರಿಯಾಗಿ ಕೂರುವುದಿಲ್ಲ. 1950ರ ದಶಕದ ಕೊನೆಯಿಂದ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಂತು. ಉಗುರಿನಿಂದ ತಟ್ಟಿದರೆ ಎಬಿಎಸ್ ಟಣ್ಣೆನ್ನುತ್ತದೆ, ಟೆನೈಟ್ ಮಂಕಾಗಿ ದಪ್ಪೆನ್ನುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಒಮ್ಮೆ ತಟ್ಟಿ ನೋಡಿದರೆ ಮತ್ತೆ ಮರೆಯುವುದಿಲ್ಲ.

ಹೊರಗೆ 500ರ ಹಾಗಿದೆ, ಒಳಗೆ 1941 ಎಂದಿದೆ. ನಕಲಿಯೇ?

ನಿಮ್ಮ ಕೈಯಲ್ಲಿರುವುದು ಬಹುಶಃ 5302. ಸಾವಿರಾರು ಹಳೆಯ 302ಗಳು ವಾಪಸ್ ಬರುತ್ತಿದ್ದಾಗ, ಒಳಗಿನ ಯಂತ್ರ ಚೆನ್ನಾಗಿಯೇ ಇದ್ದಾಗ, 1955ರ ಸುಮಾರಿಗೆ ಅವುಗಳ ಮೇಲೆ 500ರಂತೆ ಕಾಣುವ ಕವಚ ಹಾಕಿ ಕಳಿಸತೊಡಗಿದರು. ಮನೆಯವರಿಗೆ ಹೊಸ ಫೋನು, ಕಂಪನಿಗೆ ಹಳೆಯ ಸಾಮಾನು ವ್ಯರ್ಥವಾಗಲಿಲ್ಲ. ಕಂಪನಿಯೇ ಮಾಡಿದ ಕೆಲಸವಾದ್ದರಿಂದ ಇದು ಪೂರ್ತಿ ಅಸಲಿ. ನನಗೆ ಬಹಳ ಪ್ರೀತಿಯ ಮಾದರಿ.

ಬ್ರಿಟಿಷ್ ಫೋನಿನ ಗುರುತು ಹೇಗೆ ಓದುವುದು?

ಮೊದಲು ಮಾದರಿ ಸಂಖ್ಯೆ. 162 ಬಂದದ್ದು 1929ರಲ್ಲಿ, ಕತ್ತು ಸಣ್ಣ, ತಳ ಅಗಲ. ಕೆಳಗೆ ಚಿಕ್ಕ ಖಾನೆ ಎಳೆಯಬಹುದಾದ, ಗಂಟೆ ಒಳಗೇ ಇರುವ 332 ಬಂದದ್ದು 1937ರಲ್ಲಿ. ಅದರ ಆಕಾರದ ಮೂಲ ನಾರ್ವೆಯ ಕಲಾವಿದ ಜೀನ್ ಹೈಬರ್ಗ್ ರೂಪಿಸಿದ ಫೋನು. 706 ಬಂದದ್ದು 1959ರಲ್ಲಿ. 746 ಅದರ ನಂತರ, 1960ರ ದಶಕದ ಕೊನೆಯಲ್ಲಿ. ಮಾದರಿ ಸಂಖ್ಯೆಯ ಹತ್ತಿರ ತಯಾರಕರ ಸಂಕೇತಾಕ್ಷರಗಳೂ ಎರಡಂಕಿಯ ವರ್ಷವೂ ಇರುತ್ತವೆ. ಅಮೆರಿಕದ ಹಾಗೆ ತಿಂಗಳು ಹುಡುಕಬೇಡಿ.

ಮಾದರಿ ಸಂಖ್ಯೆಯ ಬಾಲದ ಒಂದು ಅಕ್ಷರ ಬಹಳ ಹೇಳುತ್ತದೆ. 706ಎಲ್ ಎಂದರೆ ಡಯಲಿನಲ್ಲಿ ಅಂಕಿಯ ಜೊತೆ ಇಂಗ್ಲಿಷ್ ಅಕ್ಷರಗಳೂ ಇವೆ. 706ಎಫ್ ಎಂದರೆ ಅಂಕಿ ಮಾತ್ರ. ಬ್ರಿಟನ್ನಿನ ದೊಡ್ಡ ಊರುಗಳು 1966ರಿಂದ ಅಕ್ಷರಗಳನ್ನು ಬಿಟ್ಟು ಪೂರ್ತಿ ಅಂಕಿಗೆ ಬಂದವು. ಎಲ್ ಫೋನು ಸಾಮಾನ್ಯವಾಗಿ ಅದಕ್ಕೆ ಹಿಂದಿನದು, ಎಫ್ ಆಮೇಲಿನದು. ಡಯಲ್ ಮಾತ್ರ ಎಫ್ ಆಗಿದ್ದು ತಳದಲ್ಲಿ ಎಲ್ ಇದ್ದರೆ, ದುರಸ್ತಿಯಲ್ಲಿ ಡಯಲ್ ಬದಲಾಗಿದೆ.

ಬಣ್ಣದ ಮಾತು: 332 ಬಹುತೇಕ ಕಪ್ಪು. ದಂತಬಣ್ಣ, ಕೆಂಪು, ಹಸಿರು ಇದ್ದವು, ಆದರೆ ಕಡಿಮೆ. 706ರ ಜೊತೆ ಬಣ್ಣಗಳು ಸಾಮಾನ್ಯ ಮನೆಗೂ ಬಂದವು. ಎರಡು ಛಾಯೆಯ ಹಸಿರು, ಎರಡು ಛಾಯೆಯ ಬೂದು, ದಂತಬಣ್ಣ, ಕೆಂಪು, ಹಳದಿ, ನೀಲಿ, ಮತ್ತು ಯಥಾಪ್ರಕಾರ ಕಪ್ಪು.

ತಯಾರಕರ ಹೆಸರಿನಿಂದ ಕಾಲ ತಿಳಿಯಬಹುದೇ?

ಚೆನ್ನಾಗಿ ತಿಳಿಯಬಹುದು. ಕಂಪನಿಗಳು ಕೊಳ್ಳುತ್ತ, ಕೂಡುತ್ತ ಹೆಸರು ಬದಲಿಸಿದ್ದೇ ನಮಗೆ ಸಹಾಯ. ಸೀಮೆನ್ಸ್ ಬ್ರದರ್ಸ್ 1955ರಲ್ಲಿ ಎಇಐ ಕೈಗೆ ಹೋಯಿತು. ಎಇಐಯನ್ನು 1967ರಲ್ಲಿ ಜಿಇಸಿ ಕೊಂಡಿತು. ಲಿವರ್‌ಪೂಲ್‌ನ ಎಟಿಇ ಮತ್ತು ಬ್ರಿಟನ್ನಿನ ಎರಿಕ್ಸನ್ ಎರಡೂ 1961ರಲ್ಲಿ ಪ್ಲೆಸ್ಸಿಗೆ ಸೇರಿದವು. ಹಾಗಾಗಿ ಪ್ಲೆಸ್ಸಿ ಹೆಸರಿನ ಬ್ರಿಟಿಷ್ ಡಯಲ್ ಫೋನು ಕಂಡರೆ 1961ರ ಈಚಿನದು ಎಂಬ ಎಣಿಕೆಯಿಂದ ಶುರುಮಾಡಿ.

ಮಾಲೀಕರ ಹೆಸರೂ ಹಾಗೆಯೇ. ಬ್ರಿಟನ್ನಿನ ಜಿಪಿಒ 1969ರಲ್ಲಿ ಪೋಸ್ಟ್ ಆಫೀಸ್ ನಿಗಮವಾಯಿತು, ಬ್ರಿಟಿಷ್ ಟೆಲಿಕಾಂ ಹೆಸರು 1980ರಲ್ಲಿ ಬಂತು. ಅಮೆರಿಕದಲ್ಲಿ ಬೆಲ್ ಸಿಸ್ಟಮ್ 1984ರ ಜನವರಿ 1ರಂದು ಒಡೆಯಿತು. "ಬೆಲ್ ಸಿಸ್ಟಮ್ ಸ್ವತ್ತು, ಮಾರಾಟಕ್ಕಿಲ್ಲ" ಎಂಬ ಬರಹ ಅದಕ್ಕೆ ಮೊದಲಿನದು. ತಳದಲ್ಲಿ ಎಫ್‌ಸಿಸಿ (ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ) ನೋಂದಣಿ ಸಂಖ್ಯೆ ಇದ್ದರೆ ಆ ತಳ 1970ರ ದಶಕದ ಕೊನೆಯದು ಅಥವಾ ಈಚಿನದು.

ಬೆಂಗಳೂರಿನ ಐಟಿಐ ಫೋನಿನ ಕಾಲ ಹೇಗೆ ಗೊತ್ತಾಗುತ್ತದೆ?

ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಶುರುವಾದದ್ದು, ಕೃಷ್ಣರಾಜಪುರದ ಬಳಿ. ಕಾರ್ಖಾನೆಯ ಸುತ್ತ ಬೆಳೆದ ಊರಿನ ಹೆಸರೇ ದೂರವಾಣಿನಗರ. ತಾಂತ್ರಿಕ ಸಹಯೋಗ ಮೇಲೆ ಹೇಳಿದ ಲಿವರ್‌ಪೂಲ್‌ನ ಎಟಿಇಯದು. ಅದಕ್ಕೇ ನಮ್ಮ ಹಳೆಯ ಫೋನುಗಳ ಮೈಕಟ್ಟು ಬ್ರಿಟಿಷರ ಫೋನಿನ ಹಾಗಿದೆ. ಅಜ್ಜನ ಮನೆಯ ಫೋನನ್ನು ಅಂತರ್ಜಾಲದ ಚಿತ್ರದೊಡನೆ ಹೋಲಿಸಿ "ಇದು ಲಂಡನ್ನಿನದು" ಎಂದು ಸಂಭ್ರಮಿಸುವವರು ಬಹಳ. ತಳದಲ್ಲಿ ಐಟಿಐ ಎಂದು ಓದಿದ ಮೇಲೆ ಅವರ ಮುಖ ಬಾಡಬಾರದು. ನಮ್ಮೂರಿನ ಕೈಗಳು ಜೋಡಿಸಿದ ಫೋನು ಅದು.

ಇಲ್ಲಿ ಕಾಲ ಹಿಡಿಯಲು ಗಡಿಗಳನ್ನು ಬಳಸಿ. ಐಟಿಐ ಗುರುತಿದ್ದರೆ 1948ಕ್ಕಿಂತ ಹಿಂದಿನದಲ್ಲ. "ಪಿ ಅಂಡ್ ಟಿ" ಎಂದಿದ್ದರೆ ಅಂಚೆ ಮತ್ತು ತಂತಿ ಇಲಾಖೆಯ ಕಾಲ, ಅಂದರೆ 1985ರಲ್ಲಿ ದೂರಸಂಪರ್ಕ ಇಲಾಖೆ ಬೇರೆಯಾಗುವುದಕ್ಕೆ ಮೊದಲು. ಎಂಟಿಎನ್‌ಎಲ್ ಗುರುತು 1986ರ ಈಚಿನದು, ಅದೂ ದೆಹಲಿ ಅಥವಾ ಮುಂಬೈಯಿಂದ ಬಂದದ್ದು. ಬಿಎಸ್‌ಎನ್‌ಎಲ್ ಚೀಟಿ ಇದ್ದರೆ 2000ದ ಅಕ್ಟೋಬರಿನ ನಂತರವೂ ಆ ಫೋನು ದುಡಿಯುತ್ತಿತ್ತು ಎಂದಷ್ಟೇ ತಿಳಿಯಿರಿ, ಹುಟ್ಟಿದ ವರ್ಷ ಅದಲ್ಲ. ಐಟಿಐ ಮುಂದೆ ನೈನಿ, ರಾಯ್‌ಬರೇಲಿ, ಪಾಲಕ್ಕಾಡ್, ಮಂಕಾಪುರಗಳಲ್ಲೂ ಕಾರ್ಖಾನೆ ತೆರೆಯಿತು. ನೈನಿ ಎಂದು ಅಚ್ಚಾಗಿದ್ದರೆ 1970ರ ದಶಕಕ್ಕೆ ಮೊದಲಿನದಲ್ಲ.

ಡಯಲಿನ ತೂತುಗಳ ಅಂಚನ್ನೂ ನೋಡಿ. ಒಂದೇ ತೂತಿನ ಒಳ ಅಂಚು ಆಳವಾಗಿ ಗೀಚಿದ್ದರೆ ಅಲ್ಲಿ ಬೀಗ ಹಾಕುತ್ತಿದ್ದರು. ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ ಡಯಲಿಗೆ ಪುಟ್ಟ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದದ್ದು ಹಿರಿಯರಿಗೆ ನೆನಪಿರುತ್ತದೆ. ರಿಸೀವರ್ ಕೂರುವ ಗುಂಡಿಯನ್ನೇ ಲಯಬದ್ಧವಾಗಿ ಒತ್ತಿ ನಂಬರ್ ಹಚ್ಚುವ ಹುಡುಗರೂ ಇದ್ದರು. ಡಯಲ್ ಮಾಡುವ ಕೆಲಸವೇ ಅದು: ಅಂಕಿ ಎಷ್ಟೋ ಅಷ್ಟು ಸಲ ಸಾಲನ್ನು ಕಡಿದು ಕೂಡಿಸುವುದು, ಸೊನ್ನೆಗೆ ಹತ್ತು ಸಲ. ಆ ಗೀಚು ಕಂಡರೆ ಪಾಲಿಶ್ ಮಾಡಿ ಅಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಗುರುತೆಲ್ಲ ಅಳಿಸಿಹೋಗಿದೆ. ಯಾವ ದೇಶದ್ದೆಂದಾದರೂ ತಿಳಿಯಬಹುದೇ?

ಡಯಲಿನಲ್ಲಿ ಅಕ್ಷರಗಳಿದ್ದರೆ ತಿಳಿಯಬಹುದು. ಇಂಗ್ಲಿಷಿನ "ಓ" ಅಕ್ಷರ 6ರ ಜೊತೆ ಇದ್ದು, ಸೊನ್ನೆಯಲ್ಲಿ "ಆಪರೇಟರ್" ಎಂದಿದ್ದರೆ ಅಮೆರಿಕ ಅಥವಾ ಕೆನಡಾ. "ಓ" ಮತ್ತು "ಕ್ಯೂ" ಎರಡೂ ಸೊನ್ನೆಯ ಜೊತೆ ಕೂತಿದ್ದರೆ ಬಹುಶಃ ಬ್ರಿಟನ್. ಅಂಕಿಗಳು ತಿರುವುಮುರುವಾಗಿ, 1 ಇರಬೇಕಾದಲ್ಲಿ 9 ಇದ್ದರೆ ಬಹುಶಃ ನ್ಯೂಜಿಲೆಂಡ್. ಸೊನ್ನೆ 1ಕ್ಕಿಂತ ಮೊದಲು ಬಂದಿದ್ದರೆ ಸ್ವೀಡನ್.

ಅಂಕಿಗಳು ಚಕ್ರದ ತೂತಿನ ಒಳಗಿವೆಯೇ, ಚಕ್ರದ ಹೊರಗಿನ ಬಳೆಯಲ್ಲಿವೆಯೇ ಎಂಬುದೂ ಮುಖ್ಯ. 302ರಲ್ಲಿ ಒಳಗೆ, 500ರಲ್ಲಿ ಹೊರಗೆ. ಅಂಕಿ ಹೊರಗೆ ಹೋದ ಮೇಲೆ ಬೆರಳಿಗೆ ಗುರಿಯಿಲ್ಲದೆ ಜನ ನಿಧಾನವಾದರು. ಬೆಲ್ ಲ್ಯಾಬ್ಸ್‌ನ ಮನಶ್ಶಾಸ್ತ್ರಜ್ಞ ಜಾನ್ ಕಾರ್ಲಿನ್ ಪ್ರತಿ ತೂತಿನ ನಡುವೆ ಒಂದು ಬಿಳಿ ಚುಕ್ಕೆ ಇಡಿಸಿದರು, ವೇಗ ಮರಳಿತು. 500ರ ತೂತಿನೊಳಗೆ ಆ ಚುಕ್ಕೆ ಈಗಲೂ ಕಾಣುತ್ತದೆ.

ಡಯಲಿನ ನಡುವಿನ ನಂಬರ್ ಚೀಟಿಯನ್ನು ಸಾಕ್ಷಿಯೆಂದು ಹಿಡಿಯಬಹುದೇ?

ಪೋಷಕ ಸಾಕ್ಷಿಯಾಗಿ ಮಾತ್ರ. ಅಮೆರಿಕದ ಚೀಟಿಯಲ್ಲಿ ವಿನಿಮಯ ಕೇಂದ್ರದ ಹೆಸರಿನ ಮೊದಲೆರಡು ಅಕ್ಷರ ದಪ್ಪಗೆ ಇದ್ದರೆ ಹಳೆಯ ಪದ್ಧತಿ. ಪ್ರದೇಶ ಸಂಕೇತ ಅಚ್ಚಾಗಿದ್ದರೆ 1951ರ ನವೆಂಬರಿನಲ್ಲಿ ಚಂದಾದಾರರೇ ದೂರದೂರಿಗೆ ನೇರವಾಗಿ ಡಯಲ್ ಮಾಡಲು ಶುರುವಾದ ಮೇಲಿನದು. ಚೀಟಿ ಬದಲಿಸಲು ಅರ್ಧ ನಿಮಿಷ ಸಾಕು, ನೆನಪಿರಲಿ.

ಕೆಂಪು ಬೇಕಲೈಟ್ ಫೋನು ಕಡಿಮೆ ಬೆಲೆಗೆ ಸಿಕ್ಕಿದೆ. ಕೊಳ್ಳಲೇ?

ಮೇಲೆ ಹೇಳಿದ್ದನ್ನು ನೆನೆಯಿರಿ: ಬೇಕಲೈಟಿನಲ್ಲಿ ಉಜ್ವಲ ಕೆಂಪು ಬರುವುದಿಲ್ಲ. ಅಸಲಿ ಕೆಂಪು 332 ಬೇರೆ ಪ್ಲಾಸ್ಟಿಕ್ಕಿನದು, ಒಳಗೂ ಕೆಂಪೇ. ನಾನು ಸಂಗ್ರಹ ಶುರುಮಾಡಿದ ಹೊಸತರಲ್ಲಿ ಒಬ್ಬ ವ್ಯಾಪಾರಿಯಿಂದ ಹಸಿರು 332 ಎಂದು ನಂಬಿ ಒಂದು ತಿಂಗಳ ಸಂಬಳ ಸುರಿದೆ. ಮನೆಗೆ ತಂದು ಖಾನೆ ಎಳೆದಾಗ ಅದರ ಹಳಿಯಲ್ಲಿ ಹಸಿರು ಸುಲಿದು ಕಪ್ಪು ಕಂಡಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಪೇಂಟನ್ನು ನಿಧಾನವಾಗಿ ತೆಗೆದ ಮೇಲೆ ಕೆಳಗೆ ಸಿಕ್ಕಿದ್ದು 1950ರ ದಶಕದ ಒಳ್ಳೆಯ ಕಪ್ಪು ಫೋನು, ಈಗಲೂ ನನ್ನ ಮೇಜಿನ ಮೇಲಿದೆ. ಅಂದಿನಿಂದ, ಖಾನೆ ಎಳೆಯದೆ, ರಿಸೀವರಿನ ಮುಚ್ಚಳ ಬಿಚ್ಚಿ ತಿರುಪಿನ ಸುತ್ತು ನೋಡದೆ ಬಣ್ಣದ ಫೋನು ಕೊಂಡಿಲ್ಲ.

ಹಿತ್ತಾಳೆಯ ಹೊಳೆಯುವ "ಬ್ರಿಟಿಷ್ ಕಾಲದ" ಫೋನು?

ಅಲಂಕಾರಕ್ಕೆ ಈಗ ಮಾಡುವ ಸಾಮಾನು. ತಾರೀಖಿನ ಠಸ್ಸೆ ಒಂದೂ ಇರುವುದಿಲ್ಲ, ಒಳಗೆ ಹೊಸ ಸರ್ಕ್ಯೂಟ್ ಹಲಗೆ ಇರುತ್ತದೆ, ಎಷ್ಟೋ ಬಾರಿ ಡಯಲಿನ ತೂತಿನಲ್ಲಿ ಒತ್ತುವ ಗುಂಡಿ ಇರುತ್ತದೆ. ಇಷ್ಟವಾದರೆ ಇಟ್ಟುಕೊಳ್ಳಿ, ಹಳೆಯದೆಂದು ಬೆಲೆ ಕೊಡಬೇಡಿ.

ತಂತಿ, ಪ್ಲಗ್ಗಿನಿಂದ ಏನಾದರೂ ತಿಳಿಯುತ್ತದೆಯೇ?

ಬಟ್ಟೆ ಹೆಣೆದ ನೇರ ತಂತಿ ಹಳೆಯದು, ಸುರುಳಿ ಪ್ಲಾಸ್ಟಿಕ್ ತಂತಿ ಈಚಿನದು. ಆದರೆ ಮೊದಲು ಸವೆದು ಬದಲಾಗುವುದೂ ತಂತಿಯೇ. ಪ್ಲಗ್ ಹೆಚ್ಚು ನಂಬಿಗಸ್ತ. ರಿಸೀವರಿನ ತಂತಿಗೂ ಪುಟ್ಟ ಚೌಕ ಪ್ಲಗ್ ಇರುವ, ಮಾದರಿಯ ಬಾಲದಲ್ಲಿ "ಎಂ" ಇರುವ 500, 1970ರ ದಶಕದ್ದು ಅಥವಾ ಈಚಿನದು. ಬ್ರಿಟಿಷ್ ಫೋನಿಗೆ ಚಪ್ಪಟೆ ಬಿಳಿ ಪ್ಲಗ್ ಇದ್ದರೆ ಅದು 1981ರ ನಂತರ ಹೊಸ ಸಾಕೆಟ್ಟಿಗೆ ಮಾರ್ಪಟ್ಟಿದೆ. 1937ರ ಮಾದರಿಗೆ ಅಂಥ ಪ್ಲಗ್ ಇದ್ದರೆ ಯಾರೋ ಅದನ್ನು ಪ್ರೀತಿಯಿಂದ ಬಳಕೆಯಲ್ಲಿ ಇಟ್ಟಿದ್ದರು.

ತೊಳೆಯುವಾಗ ಗುರುತು ಅಳಿಸದಿರಲು ಏನು ಮಾಡಬೇಕು?

ತಳವನ್ನೂ ಒಳಭಾಗಗಳನ್ನೂ ತೊಳೆಯಲೇಬೇಡಿ. ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ, ಸಾಕು. ಮಸಿ ಠಸ್ಸೆ ಸ್ಪಿರಿಟ್ ಸೋಕಿದರೆ ಕ್ಷಣದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಹೊರಕವಚಕ್ಕೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸಾಬೂನು, ಮೆತ್ತನೆಯ ಬಟ್ಟೆ. ಉಗುರು ಬಣ್ಣ ತೆಗೆಯುವ ಅಸಿಟೋನ್ ಟೆನೈಟನ್ನೂ ಎಬಿಎಸ್ಸನ್ನೂ ಕರಗಿಸುತ್ತದೆ. ಬೇಕಲೈಟನ್ನು ನೆನೆಹಾಕಬೇಡಿ, ಉಪ್ಪುಕಾಗದ ಹಚ್ಚಲೇಬೇಡಿ. ಮೇಲಿನ ಹೊಳಪು ಪದರ ಹೋದರೆ ಒಳಗಿನ ಮರದ ಹಿಟ್ಟು ನೀರು ಹೀರುತ್ತದೆ. ಕೆಲವು ಹಳೆಯ ಬೇಕಲೈಟಿನಲ್ಲಿ ಕಲ್ನಾರೂ ಇರುವುದರಿಂದ ಆ ಪುಡಿ ಉಸಿರಿಗೆ ಹೋಗಬಾರದು.

ಕತ್ತಲಲ್ಲಿ ಡಯಲ್ ಹಸಿರಾಗಿ ಹೊಳೆಯುತ್ತದೆ. ಅಪಾಯವೇ?

ಅದು ಬ್ರಿಟನ್ನಿನ ಟ್ರಿಮ್‌ಫೋನ್ ಇರಬೇಕು, 1960ರ ದಶಕದ ನಡುವೆ ಬಂದದ್ದು. ಡಯಲಿನ ಕೆಳಗಿನ ಗಾಜಿನ ನಳಿಕೆಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲವಿದೆ. ನಳಿಕೆ ಒಡೆಯದವರೆಗೆ ಚಿಂತೆಯಿಲ್ಲ, ಡಯಲ್ ಮಾತ್ರ ಬಿಚ್ಚಬೇಡಿ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12 ವರ್ಷ. ಹಾಗಾಗಿ ಇಂದು ಅದು ಹೊಳೆದರೂ ಬಹಳ ಮಂಕಾಗಿ.

ದೂರದ ಮಾರಾಟಗಾರರಿಂದ ಕೊಳ್ಳುವಾಗ ಯಾವ ಫೋಟೋ ಕೇಳಬೇಕು?

ಐದು ಸಾಕು: ತಳ ಪೂರ್ತಿ, ತಳದ ಠಸ್ಸೆ ಹತ್ತಿರದಿಂದ, ರಿಸೀವರಿನ ಎರಡೂ ಮುಚ್ಚಳ ಬಿಚ್ಚಿ ಬಿಲ್ಲೆಗಳ ಹಿಂಭಾಗ, ಕವಚ ತೆಗೆದು ಒಳಭಾಗ, ಹಗಲು ಬೆಳಕಿನಲ್ಲಿ ಕವಚದ ಒಳಮೈ. ಬಿಚ್ಚಲು ಬರುವುದಿಲ್ಲ ಎಂದರೆ ತಳ ಮತ್ತು ರಿಸೀವರಿನ ಚಿತ್ರವಾದರೂ ಕೊಡಲಿ. ಅದಕ್ಕೂ ಒಪ್ಪದಿದ್ದರೆ ತಾರೀಖಿಗೆಂದು ಕೇಳುವ ಹೆಚ್ಚುವರಿ ಹಣ ಕೊಡಬೇಡಿ. ಮಾದರಿಗಷ್ಟೇ ಬೆಲೆ ಕಟ್ಟಿ. ಫೋನು ಮನೆಗೆ ಬಂದ ದಿನವೇ ಪ್ರತಿ ಭಾಗದ ತಾರೀಖನ್ನೂ ಒಂದು ಕಾಗದದಲ್ಲಿ ಪೆನ್ಸಿಲಿನಿಂದ ಬರೆದು, ಯಾರಿಂದ, ಯಾವ ಊರಿನಿಂದ ಬಂತೆಂದೂ ಸೇರಿಸಿ, ಕವಚದ ಒಳಗೆ ಗಂಟೆಗೆ ತಾಗದ ಹಾಗೆ ಮಡಿಸಿಡಿ.